ಹುಳು ಕಾಣದ ದಿನಗಳ ಕೆಲಸ

ತೋಟ ಶುರು ಮಾಡಿದ ಮೊದಲ ವರ್ಷ ನಾನು ಮಾವಿಗೆ ಒಟ್ಟು 7 ಸಲ ಔಷಧಿ ಹೊಡೆದೆ. ಏಳು ಸಲ! ಪರಿಚಯದವರೊಬ್ಬರು 15 ದಿನಕ್ಕೊಮ್ಮೆ ಅಂತ ಚೀಟಿ ಬರೆದುಕೊಟ್ಟಿದ್ದರು. ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡಿಕೊಂಡು, ಒಂದು ದಿನವೂ ತಪ್ಪದಂತೆ, ಮಾತ್ರೆ ನುಂಗುವ ರೋಗಿಯ ಹಾಗೆ ಹೊಡೆದೆ. ಕೊನೆಗೆ ಹೊರಗೆ ಒಂದು ಕಲೆಯೂ ಇಲ್ಲದ ಹಣ್ಣನ್ನು ಆರಿಸಿ ಕತ್ತರಿಸಿದರೆ ಒಳಗೆ ಬಿಳಿ ಹುಳುಗಳು ಪಿತಪಿತ ಹೊರಳಾಡುತ್ತಿದ್ದವು. ಇನ್ನೊಂದು ಕತ್ತರಿಸಿದೆ, ಅದೂ ಹಾಗೇ. ಬುಟ್ಟಿಯಲ್ಲಿದ್ದ ಅರ್ಧ ಹಣ್ಣು ಗುಂಡಿಗೆ ಹೋಯಿತು.

ಆಗ ಎಲ್ಲರನ್ನೂ ಕೇಳಿದ್ದು ಒಂದೇ ಪ್ರಶ್ನೆ, ಯಾವ ಔಷಧಿ ಹೊಡೆಯಬೇಕಿತ್ತು? ಎಷ್ಟು ಜನರನ್ನು ಕೇಳಿದೆನೋ ಅಷ್ಟು ಹೆಸರು ಸಿಕ್ಕವು. ಪ್ರಶ್ನೆಯೇ ತಪ್ಪು ಅಂತ ತಿಳಿಯಲು ಇನ್ನೂ ಎರಡು ವರ್ಷ ಹಿಡಿಯಿತು. ಕೇಳಬೇಕಾಗಿದ್ದು ಇಷ್ಟೇ: ಈ ಹುಳು ಇವತ್ತು ಎಲ್ಲಿದೆ? ಹಣ್ಣಿನೊಳಗೆ ಇದ್ದರೆ ಹೊರಗಿನಿಂದ ಏನು ಹೊಡೆದರೂ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಮಣ್ಣಿನಲ್ಲಿ ಕೋಶವಾಗಿ, ಅಂದರೆ ರೆಕ್ಕೆ ಬರುವ ಮೊದಲಿನ ಗೂಡಿನ ಹಂತದಲ್ಲಿ, ಕೂತಿದ್ದರೆ ಎಲೆಗೆ ಹೊಡೆದು ಏನು ಬಂತು? ನನ್ನ 7 ಸಲದಲ್ಲಿ ಕನಿಷ್ಠ 5 ಸಲ ನಾನು ಹುಳು ಇಲ್ಲದ ಕಡೆಗೆ ಹೊಡೆದಿದ್ದೆ.

ಹಾಗಾಗಿ ಈ ಬರಹದಲ್ಲಿ ಯಾವ ತಿಂಗಳಲ್ಲಿ ಯಾವ ಹುಳು ಅಂತ ಪಟ್ಟಿ ಕೊಡುವುದಿಲ್ಲ. ತಿಂಗಳು ಎಲ್ಲ ಕಡೆ ಒಂದೇ, ಹವೆ ಒಂದೇ ಅಲ್ಲ. ಹುಳುವಿನ ಮೈಯಲ್ಲಿ ನಮ್ಮ ಹಾಗೆ ಸ್ವಂತ ಬಿಸಿ ಇರುವುದಿಲ್ಲ, ಹೊರಗಿನ ಸೆಕೆಯೇ ಅದರ ಗಡಿಯಾರ. ಸೆಕೆ ಜಾಸ್ತಿಯಾದರೆ ಮೊಟ್ಟೆ ಬೇಗ ಒಡೆಯುತ್ತದೆ, ಮರಿ ಬೇಗ ಬೆಳೆಯುತ್ತದೆ. ಚಳಿ ಬಿದ್ದರೆ ಎಲ್ಲವೂ ನಿಧಾನ. ಸೇಬು ಬೆಳೆಯುವವರು ಇದನ್ನೇ ಲೆಕ್ಕ ಮಾಡಿಟ್ಟುಕೊಂಡಿದ್ದಾರೆ. ಸೇಬಿನ ಕಾಯಿ ಕೊರೆಯುವ ಕಾಡ್ಲಿಂಗ್ ಪತಂಗ ಬಲೆಗೆ ಬೀಳಲು ಶುರುವಾದ ದಿನವನ್ನು ಸೊನ್ನೆ ಅಂತ ಹಿಡಿದು, ಅಲ್ಲಿಂದ ದಿನವೂ 10 ಡಿಗ್ರಿ ಸೆಲ್ಸಿಯಸ್‌ಗಿಂತ ಎಷ್ಟು ಮೇಲೆ ಸೆಕೆ ಇತ್ತು ಅಂತ ಕೂಡಿಸುತ್ತಾ ಹೋಗುತ್ತಾರೆ. ಮೊತ್ತ ಸುಮಾರು 140 ತಲುಪುವ ಹೊತ್ತಿಗೆ ಮೊಟ್ಟೆ ಒಡೆಯಲು ಶುರು. ಮರಿ ಕಾಯಿಯೊಳಗೆ ನುಗ್ಗುವ ಮೊದಲು ಸಿಗುವ ಆ ಕೆಲವೇ ದಿನ ಅವರ ಅವಕಾಶ. ನಾನು ಅಷ್ಟು ಲೆಕ್ಕದವನಲ್ಲ. ನನಗೆ ಮರವೇ ಕ್ಯಾಲೆಂಡರ್. ಚಿಗುರು, ಹೂವು, ಮಿಡಿ, ಹಣ್ಣು, ಆಮೇಲೆ ಖಾಲಿ ಮರ. ಪ್ರತಿ ಹಂತಕ್ಕೂ ಅದರದೇ ಅತಿಥಿಗಳು.

ಚಿಗುರಿನಿಂದ ಶುರು ಮಾಡೋಣ. ನಿಂಬೆ, ಕಿತ್ತಳೆ ಜಾತಿಯಲ್ಲಿ ಚಿಗುರು ಬಂದ ವಾರದಲ್ಲೇ ಎಲೆಯ ಮೇಲೆ ಬೆಳ್ಳಿಯ ಗೆರೆ ಎಳೆದ ಹಾಗೆ ಸುರುಳಿ ಸುರುಳಿ ಕಾಣುತ್ತದೆ. ರಂಗೋಲಿ ಹುಳು ಅಂತ ನಮ್ಮವರು ಇಟ್ಟ ಹೆಸರು ಎಷ್ಟು ಸರಿಯಾಗಿದೆ ನೋಡಿ. ಅದು ಎಲೆಯ ಎರಡು ಪದರದ ಮಧ್ಯೆ ಕೂತು ತಿನ್ನುತ್ತದೆ. ನೋಡಲು ಭಯಂಕರ, ಆದರೆ ದೊಡ್ಡ ಮರಕ್ಕೆ ಇದರಿಂದ ಅಂಥ ನಷ್ಟವೇನೂ ಇಲ್ಲ. ಎಳೆ ಎಲೆ ಬಲಿತರೆ ಅದರ ಆಟ ಮುಗಿಯಿತು. ಎಳೆ ಗಿಡವಾದರೆ ಮಾತ್ರ ಜಾಗ್ರತೆ ಬೇಕು, ಅದಕ್ಕಿರುವುದೇ ನಾಲ್ಕು ಚಿಗುರು. ಇನ್ನೊಂದು ನಿಂಬೆ ಚಿಟ್ಟೆಯ ಮರಿ. ಚಿಕ್ಕದಿದ್ದಾಗ ಥೇಟ್ ಹಕ್ಕಿ ಹಿಕ್ಕೆಯ ಹಾಗೆ ಕಾಣುತ್ತದೆ. ನಾನು ಎಷ್ಟೋ ದಿನ ಹಕ್ಕಿ ಹಿಕ್ಕೆ ಅಂತಲೇ ಬಿಟ್ಟಿದ್ದೆ, ಒಂದು ದಿನ ಆ ಹಿಕ್ಕೆ ನಡೆಯಿತು. ದೊಡ್ಡದಾದ ಮೇಲೆ ಹಸಿರಾಗಿ ಎಲೆಯ ಬಣ್ಣದಲ್ಲೇ ಮರೆಯಾಗುತ್ತದೆ. ಹತ್ತಾರು ಗಿಡ ಇದ್ದರೆ ಕೈಯಿಂದ ಹೆಕ್ಕಿ ತೆಗೆಯುವುದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಅದೇ ಚಿಗುರಿನಲ್ಲಿ ಸಸ್ಯಹೇನು ಇರುತ್ತದೆ, ಹೇನು ಇದ್ದಲ್ಲಿ ಇರುವೆ ಇರುತ್ತದೆ. ಇರುವೆಗೆ ಹೇನು ಹಸುವಿದ್ದ ಹಾಗೆ, ಅದು ಹೊರಹಾಕುವ ಸಿಹಿ ಅಂಟನ್ನು ಕುಡಿದುಕೊಂಡು, ಹೇನನ್ನು ತಿನ್ನಲು ಬರುವ ಗುಲಗಂಜಿ ಹುಳುವನ್ನು ಓಡಿಸುತ್ತದೆ. ಆದ್ದರಿಂದ ಹೇನಿಗಿಂತ ಮೊದಲು ಇರುವೆಯ ದಾರಿ ಕಡಿಯಬೇಕು. ಕಾಂಡಕ್ಕೆ ಒಂದು ಅಂಟಿನ ಪಟ್ಟಿ ಸುತ್ತಿ, ನೆಲಕ್ಕೆ ತಾಗುವ ಕೊಂಬೆ ಕತ್ತರಿಸಿ, ಒಂದು ವಾರ ಸುಮ್ನೆ ಕಾದು ನೋಡಿ. ಗುಲಗಂಜಿ ಹುಳು ತಾನಾಗಿ ಬಂದು ಕೆಲಸ ಮುಗಿಸುವುದನ್ನು ನಾನು ಹಲವು ಸಲ ನೋಡಿದ್ದೇನೆ.

ಹೂವಿನ ಕಾಲ ಬಂತೆಂದರೆ ಮಾವಿನಲ್ಲಿ ಜಿಗಿಹುಳು. ಹೂಗೊಂಚಲನ್ನು ತಟ್ಟಿದರೆ ಟಪಟಪ ಅಂತ ಹಾರುತ್ತವೆ, ಮರದ ಕೆಳಗೆ ನಿಂತರೆ ಮೈಮೇಲೆ ಸಣ್ಣಗೆ ಅಂಟು ಉದುರುತ್ತದೆ. ಮರಿ, ದೊಡ್ಡವು ಎರಡೂ ರಸ ಹೀರುತ್ತವೆ, ಹೂವು ಒಣಗಿ ಉದುರುತ್ತದೆ, ಎಲೆಯ ಮೇಲೆ ಬಿದ್ದ ಅಂಟಿನಲ್ಲಿ ಕಪ್ಪು ಬೂಷ್ಟು ಬೆಳೆದು ಮರ ಕಾಡಿಗೆ ಬಳಿದ ಹಾಗಾಗುತ್ತದೆ. ಎಲ್ಲರೂ ಆ ಕಪ್ಪಿಗೆ ಔಷಧಿ ಹುಡುಕುತ್ತಾರೆ. ಕಪ್ಪು ಬರೀ ನೆರಳು, ಕಳ್ಳ ಬೇರೆ.

ಈ ಕಳ್ಳ ಹೂವಿಲ್ಲದ ದಿನಗಳಲ್ಲಿ ಎಲ್ಲಿಗೂ ಹೋಗಿರುವುದಿಲ್ಲ. ಅದೇ ಮರದ ತೊಗಟೆಯ ಬಿರುಕಿನಲ್ಲಿ, ದಟ್ಟ ಕೊಂಬೆಗಳ ತಂಪಿನಲ್ಲಿ ಕೂತಿರುತ್ತದೆ. ಬಿಸಿಲು ಒಳಗೆ ಬೀಳದ, ಕೊಂಬೆ ಕೊಂಬೆಗೆ ಹೆಣೆದುಕೊಂಡ ಹಳೇ ತೋಟಗಳಲ್ಲಿ ಇದರ ಕಾಟ ಜಾಸ್ತಿ. ನನ್ನ ತೋಟದ ಒಂದು ಮೂಲೆಯಲ್ಲಿ ಹಾಗಿದ್ದ 6 ಮರಗಳ ಒಳಕೊಂಬೆಗಳನ್ನು ಕೊಯ್ಲು ಮುಗಿದ ಮೇಲೆ ತೆಗೆಸಿದೆ. ಮರದ ಹೊಟ್ಟೆಗೆ ಬೆಳಕು ಬಿತ್ತು. ಮುಂದಿನ ಹೂವಿಗೆ ಬಂದ ಜಿಗಿಹುಳು ಎಷ್ಟು ಕಡಿಮೆ ಅಂದರೆ, ಅಷ್ಟು ವರ್ಷ ಸುರಿದ ಔಷಧಿ ನೆನೆದು ಹೊಟ್ಟೆ ಉರಿಯಿತು.

ಹೊಡೆಯಲೇಬೇಕು ಅಂತಾದರೆ ಹೂಗೊಂಚಲು ಹೊರಬರುತ್ತಿರುವಾಗ, ಹೂವು ಅರಳುವ ಮೊದಲು. ಅರಳಿದ ಮೇಲೆ ಕೈ ಕಟ್ಟಿ ಕೂರಬೇಕು. ಮಾವಿನ ಪರಾಗಸ್ಪರ್ಶದಲ್ಲಿ ಜೇನಿನ ಪಾಲು ಇದೆ, ಆದರೆ ಅದಕ್ಕಿಂತ ದೊಡ್ಡ ಪಾಲು ಅನೇಕ ಕಡೆ ನೊಣಗಳದ್ದು. ನಾವು ಅಸಹ್ಯಪಡುವ ಮಾಮೂಲಿ ನೊಣ, ನೀಲಿ ನೊಣ, ಹೂವಿನ ಮೇಲೆ ತೇಲುತ್ತಾ ನಿಲ್ಲುವ ಪಟ್ಟೆ ನೊಣ, ಇವೆಲ್ಲ. ಪೂರ್ತಿ ಅರಳಿದಾಗ ಔಷಧಿ ಹೊಡೆದು ಆಮೇಲೆ ಕಾಯಿ ಕಚ್ಚಲಿಲ್ಲ ಅಂತ ಮರವನ್ನು ಬೈದರೆ ಹೇಗೆ? ಆ ತಪ್ಪನ್ನೂ ಮಾಡಿದ್ದೇನೆ, ಅದಕ್ಕೇ ಇಷ್ಟು ಖಾರವಾಗಿ ಹೇಳುತ್ತಿದ್ದೇನೆ.

ಇಲ್ಲೊಂದು ಹಳೇ ಕಥೆ ಹೇಳಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1868ರ ಸುಮಾರಿಗೆ ಆಸ್ಟ್ರೇಲಿಯಾ ಕಡೆಯಿಂದ ಹತ್ತಿಯ ಹಾಗೆ ಬೆಳ್ಳಗಿನ ಒಂದು ಶಲ್ಕ ಕೀಟ, ಅಂದರೆ ಕೊಂಬೆಗೆ ಅಂಟಿ ಕೂತು ರಸ ಹೀರುವ ಹುಳು, ಬಂದು ಸೇರಿಕೊಂಡಿತು. 20 ವರ್ಷದೊಳಗೆ ಅಲ್ಲಿನ ಕಿತ್ತಳೆ ತೋಟದವರು ಮರ ಕಡಿದು ಸುಡುವ ಸ್ಥಿತಿಗೆ ಬಂದರು. 1888ರಲ್ಲಿ ಆಲ್ಬರ್ಟ್ ಕೋಬೆಲ್ ಎಂಬ ಕೀಟತಜ್ಞ ಆಸ್ಟ್ರೇಲಿಯಾಕ್ಕೆ ಹೋಗಿ ಅದನ್ನು ತಿನ್ನುವ ಕೆಂಪು ಗುಲಗಂಜಿ ಹುಳುವನ್ನು ಹುಡುಕಿ ಹಡಗಿನಲ್ಲಿ ಕಳಿಸಿದ. ಹೋದದ್ದು ಕೆಲವು ನೂರು ಹುಳು ಅಷ್ಟೇ. 1889 ಮುಗಿಯುವ ಹೊತ್ತಿಗೆ ತೋಟಗಳು ಉಳಿದುಕೊಂಡವು. ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 1940ರ ದಶಕದಲ್ಲಿ ಡಿಡಿಟಿ ಎಂಬ ಕೀಟನಾಶಕ ಬಂತು, ಬೇರೆ ಹುಳುಗಳಿಗೆ ಅಂತ ಕಿತ್ತಳೆ ತೋಟಗಳಿಗೂ ಹೊಡೆದರು, ಗುಲಗಂಜಿ ಹುಳು ಸತ್ತಿತು, ಶಲ್ಕ ಕೀಟ ಮತ್ತೆ ಮೇಲೆದ್ದಿತು. ನನ್ನ ತೋಟದಲ್ಲೂ ಸಣ್ಣ ಮಟ್ಟದಲ್ಲಿ ಆಗಿದ್ದು ಅದೇ. ಜಿಗಿಹುಳುವಿಗೆ ಅಂತ ಒಂದೇ ಜಾತಿಯ ಕಟು ಔಷಧಿಯನ್ನು ಮೂರು ಸಲ ಹೊಡೆದ ವರ್ಷ, ಅದುವರೆಗೂ ಕಂಡಿರದ ಕೆಂಪು ನುಸಿ ಎಲೆಯ ತುಂಬಾ ಹಬ್ಬಿತು. ಒಣ ಹವೆ, ಧೂಳು, ಅದನ್ನು ತಿನ್ನುವವರು ಯಾರೂ ಉಳಿದಿಲ್ಲ, ಇನ್ನೇನು ಬೇಕು ನುಸಿಗೆ?

ಮಿಡಿ ಹಂತದ ಹುಳುಗಳು ಮಹಾ ಗುಟ್ಟಿನವು. ಮಾವಿನ ಓಟೆ ಕೊರೆಯುವ ಹುಳು ಎಳೆ ಕಾಯಿಯ ಸಿಪ್ಪೆಯ ಮೇಲೆ ಮೊಟ್ಟೆ ಇಡುತ್ತದೆ. ಮರಿ ತಿರುಳಿನ ಮೂಲಕ ಓಟೆಯೊಳಗೆ ಇಳಿಯುತ್ತದೆ, ಅದು ಹೋದ ದಾರಿ ಕಾಯಿ ಬೆಳೆದ ಹಾಗೆ ಮುಚ್ಚಿಕೊಳ್ಳುತ್ತದೆ. ಹಣ್ಣು ತಿನ್ನುವವರಿಗೆ ಓಟೆ ಒಡೆಯದ ಹೊರತು ಗೊತ್ತೇ ಆಗುವುದಿಲ್ಲ. ವರ್ಷಕ್ಕೆ ಒಂದೇ ತಲೆಮಾರು, ಉಳಿದ ದಿನವೆಲ್ಲ ತೊಗಟೆಯ ಸಂದಿಯಲ್ಲಿ ನಿದ್ದೆ. ದಾಳಿಂಬೆಯಲ್ಲಿ ಚಿಟ್ಟೆಯೊಂದು ಹೂವಿನ ಕಿರೀಟದ ಹತ್ತಿರ, ಎಳೆ ಕಾಯಿಯ ಮೇಲೆ ಒಂದೊಂದೇ ಮೊಟ್ಟೆ ಇಟ್ಟು ಹೋಗುತ್ತದೆ, ಮರಿ ಒಳಗೆ ಹೋಗಿ ಕಾಳು ತಿಂದು, ತನ್ನ ಹಿಂಭಾಗದಿಂದಲೇ ತೂತಿಗೆ ಬಿರಡೆ ಹಾಕಿಕೊಂಡು ಕೂರುತ್ತದೆ. ಇದಕ್ಕೆ ಚೀಲವೇ ಮದ್ದು. ಕಾಯಿ ನಿಂಬೆ ಗಾತ್ರ ಇರುವಾಗಲೇ ಕಾಗದದ್ದೋ ಬಟ್ಟೆಯದ್ದೋ ಚೀಲ ಕಟ್ಟಿದರೆ ಚಿಟ್ಟೆಗೆ ಮೊಟ್ಟೆ ಇಡಲು ಜಾಗ ಇಲ್ಲ. ಕಾಯಿ ಕೆಂಪಾದ ಮೇಲೆ ಕಟ್ಟಿದರೆ ಹುಳುವಿಗೆ ನಾವೇ ಮನೆ ಕಟ್ಟಿಕೊಟ್ಟ ಹಾಗೆ.

ಈಗ ನನ್ನ ಹಳೇ ವೈರಿ, ಹಣ್ಣುನೊಣ. ಕೆಲವರು ಊಜಿ ಅನ್ನುತ್ತಾರೆ. ಕಾಯಿ ಬಲಿತು ಬಣ್ಣ ತಿರುಗುವ ಹೊತ್ತಿಗೆ ಹೆಣ್ಣು ನೊಣ ಬಂದು ಸೂಜಿಯಂಥ ಹಿಂಭಾಗವನ್ನು ಸಿಪ್ಪೆಯೊಳಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು, ಹುಳು ಒಂದು ವಾರ ಹತ್ತು ದಿನ ತಿರುಳು ತಿಂದು, ಹಣ್ಣು ಉದುರಿದ ಮೇಲೆ ಹೊರಗೆ ಬಂದು ಚಿಮ್ಮಿ ಚಿಮ್ಮಿ ಹೋಗಿ ಮಣ್ಣಿಗೆ ಇಳಿಯುತ್ತದೆ. ಕೆಲವೇ ಸೆಂಟಿಮೀಟರ್ ಆಳದಲ್ಲಿ ಕೋಶ. ಸೆಕೆ ಇದ್ದರೆ ಸುಮಾರು ಹತ್ತು ದಿನದಲ್ಲಿ ಹೊಸ ನೊಣ. ಅಂದರೆ ಮೂರು ವಾರದ ಆಸುಪಾಸಿನಲ್ಲಿ ಒಂದು ತಲೆಮಾರು, ಒಂದು ಹೆಣ್ಣು ಜೀವಮಾನದಲ್ಲಿ ಸಾವಿರಕ್ಕೂ ಜಾಸ್ತಿ ಮೊಟ್ಟೆ ಇಡಬಲ್ಲದು. ಉದುರಿದ ನಾಲ್ಕು ಹಣ್ಣನ್ನು ನಾಳೆ ಎತ್ತೋಣ ಅಂತ ಬಿಟ್ಟವರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು.

ಇದರ ಬಲೆಯ ಹಿಂದೆ ಒಂದು ಸ್ವಾರಸ್ಯ ಇದೆ. ಬಿಹಾರದ ಪೂಸಾ ಸಂಶೋಧನಾ ಕೇಂದ್ರದಲ್ಲಿ ಹೌಲೆಟ್ ಎಂಬ ಕೀಟ ವಿಜ್ಞಾನಿ ಇದ್ದರು. ಅವರ ನೆರೆಯವರೊಬ್ಬರು ಸೊಳ್ಳೆ ಬಾರದಿರಲಿ ಅಂತ ಕರವಸ್ತ್ರಕ್ಕೆ ಸಿಟ್ರೊನೆಲ್ಲಾ ಎಣ್ಣೆ ಹಚ್ಚಿಕೊಂಡರೆ ಸೊಳ್ಳೆಯ ಬದಲು ನೊಣಗಳು ಮುತ್ತಿಕೊಂಡವು. ನೋಡಿದರೆ ಹಣ್ಣುನೊಣ, ಅದೂ ಎಲ್ಲಾ ಗಂಡು! ಹೌಲೆಟ್ 1912ರಲ್ಲಿ ಇದನ್ನು ಬರೆದರು, 1915ರ ಹೊತ್ತಿಗೆ ಮೀಥೈಲ್ ಯೂಜಿನಾಲ್ ಎಂಬ ವಸ್ತುವೇ ಆ ಸೆಳೆತಕ್ಕೆ ಕಾರಣ ಅಂತ ತೋರಿಸಿದರು. ಇವತ್ತು ನಾವು ಮರಕ್ಕೆ ನೇತುಹಾಕುವ ಬಲೆಯೊಳಗಿನ ತುಂಡಿನಲ್ಲಿ ಇರುವುದು ಅದೇ. ತುಳಸಿಯಲ್ಲೂ ಅದು ಇದೆ, ಅದಕ್ಕೇ ತುಳಸಿ ಎಲೆ ಜಜ್ಜಿ ಡಬ್ಬಿಯಲ್ಲಿ ಇಟ್ಟರೂ ಒಂದಷ್ಟು ಗಂಡು ನೊಣ ಬರುತ್ತವೆ.

ಬಲೆ ನೇತುಹಾಕಿದ ಮೊದಲ ವಾರ ನನಗೆ ಹಬ್ಬ. ಡಬ್ಬಿ ತುಂಬಾ ಸತ್ತ ನೊಣ. ಆಯಿತು ಇನ್ನು ಚಿಂತೆ ಇಲ್ಲ ಅಂದುಕೊಂಡೆ, ಆದರೂ ಹಣ್ಣಿನಲ್ಲಿ ಹುಳು. ಯಾಕೆ? ಬಿದ್ದದ್ದು ಬರೀ ಗಂಡು. ಒಂದು ಗಂಡು ಎಷ್ಟೋ ಹೆಣ್ಣುಗಳ ಜೊತೆ ಸೇರುತ್ತದೆ, ಉಳಿದ ಕೆಲವು ಗಂಡುಗಳೇ ಸಾಕು. ಸಾಲದ್ದಕ್ಕೆ ಪಕ್ಕದ ತೋಟದಿಂದ ಆಗಲೇ ಬಸಿರಾದ ಹೆಣ್ಣು ಹಾರಿ ಬರುತ್ತದೆ. ಪೆಸಿಫಿಕ್ ಸಾಗರದ ರೋಟಾ ಎಂಬ ಸಣ್ಣ ದ್ವೀಪದಲ್ಲಿ 1960ರ ದಶಕದ ಆರಂಭದಲ್ಲಿ ಇದೇ ಮೀಥೈಲ್ ಯೂಜಿನಾಲ್ ಮತ್ತು ವಿಷ ಸೇರಿಸಿದ ತುಂಡುಗಳನ್ನು ಇಡೀ ದ್ವೀಪಕ್ಕೆ ಹರಡಿ ನೊಣವನ್ನು ಪೂರ್ತಿ ಇಲ್ಲವಾಗಿಸಿದರು. ಸುತ್ತ ಸಮುದ್ರ ಇತ್ತು, ಹೊರಗಿನಿಂದ ಹೊಸ ನೊಣ ಬರುವಂತಿರಲಿಲ್ಲ. ನನ್ನ ತೋಟದ ಸುತ್ತ ಇರುವುದು ಮುಳ್ಳುತಂತಿ ಬೇಲಿ.

ಹಾಗಂತ ಬಲೆ ಬೇಡ ಅಂತಲ್ಲ. ಕೊಯ್ಲಿಗೆ ಸುಮಾರು ಎರಡು ತಿಂಗಳು ಮುಂಚೆಯೇ ನೇತುಹಾಕಬೇಕು, ಹಣ್ಣಾದ ಮೇಲಲ್ಲ. ಎದೆಯೆತ್ತರದಿಂದ ತಲೆಯೆತ್ತರದವರೆಗೆ, ನೆರಳಿನಲ್ಲಿ. ಪ್ರತಿ ವಾರ ಬಿದ್ದ ನೊಣ ಎಣಿಸಿ ಬರೆಯಬೇಕು. ಬಲೆಯ ನಿಜವಾದ ಬೆಲೆ ಆ ಎಣಿಕೆಯಲ್ಲಿದೆ, ಸಂಖ್ಯೆ ಏಕಾಏಕಿ ಏರಿತು ಅಂದರೆ ಮುಂದಿನ ಕೆಲಸ ಇವತ್ತೇ ಮಾಡು ಅಂತ ಅರ್ಥ. ಆ ಮುಂದಿನ ಕೆಲಸ ಹೆಣ್ಣಿಗೆ ಆಮಿಷ. ಹೊಸದಾಗಿ ಹುಟ್ಟಿದ ಹೆಣ್ಣಿಗೆ ಮೊಟ್ಟೆ ಬಲಿಯಲು ಪ್ರೋಟೀನ್ ಬೇಕು, ಸುಮಾರು ಒಂದು ವಾರವಾದರೂ ಅದು ತಿನ್ನಲು ಹುಡುಕುತ್ತಾ ಅಲೆಯುತ್ತದೆ. ಪ್ರೋಟೀನ್ ಆಮಿಷಕ್ಕೆ ಚೂರು ಕೀಟನಾಶಕ ಬೆರೆಸಿ ಕಾಂಡಕ್ಕೆ, ಹಣ್ಣಿಲ್ಲದ ಕೆಳಗಿನ ಎಲೆಗಳಿಗೆ ಅಲ್ಲಲ್ಲಿ ಚಿಮುಕಿಸಿದರೆ ಸಾಕು. ಇಡೀ ಮರ ತೋಯಿಸಬೇಕಿಲ್ಲ, ಹಣ್ಣಿಗೆ ವಿಷ ತಾಗುವುದೂ ಇಲ್ಲ.

ಎಲ್ಲಕ್ಕಿಂತ ದೊಡ್ಡದು ಉದುರಿದ ಹಣ್ಣು ಹೆಕ್ಕುವುದು. ಬೇಜಾರಿನ ಕೆಲಸ, ವಾಸನೆ, ಸೊಂಟ ನೋವು. ಹೆಕ್ಕಿದ್ದನ್ನು ಗೊಬ್ಬರದ ಗುಂಡಿಗೆ ಸುಮ್ನೆ ಎಸೆದರೆ ನೊಣದ ಸಾಕಣೆ ಮಾಡಿದ ಹಾಗೆ. ಎರಡು ಅಡಿ ಆಳಕ್ಕೆ ಹೂತು ಮಣ್ಣು ತುಳಿಯಬೇಕು, ಇಲ್ಲವೇ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗೆ ಇಡಬೇಕು. ನಾನು ಎರಡನೆಯದ್ದನ್ನೇ ಮಾಡುತ್ತೇನೆ, ಗುಂಡಿ ತೋಡುವ ಸೋಮಾರಿತನಕ್ಕೆ. ಸೀಬೆಯಲ್ಲಂತೂ ಇನ್ನೊಂದು ಉಪಾಯ ಇದೆ. ಮಳೆಗಾಲದ ಸೀಬೆ ಅಂದರೆ ಹುಳು ಅಂತಲೇ ಲೆಕ್ಕ, ಆ ಹೊತ್ತಿಗೆ ನೊಣದ ಸಂಖ್ಯೆ ಏರಿರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ನೀರು ನಿಲ್ಲಿಸಿ, ಮಳೆಗಾಲದ ಬೆಳೆಗೆ ಬರುವ ಹೂವನ್ನು ಬಿಟ್ಟುಕೊಟ್ಟು, ಚಳಿಗಾಲದ ಬೆಳೆಯನ್ನೇ ಹಿಡಿಯುವವರು ಬಹಳ ಜನ. ಹುಳುವಿನ ಜೊತೆ ಜಗಳ ಆಡುವುದೇ ಬೇಡ ಅಂತ ಸಮಯವನ್ನೇ ಬದಲಾಯಿಸಿಕೊಂಡ ಹಾಗೆ. ನನಗೆ ಇದು ಎಲ್ಲ ಔಷಧಿಗಿಂತ ಜಾಣತನದ್ದು ಅನಿಸುತ್ತದೆ.

ಹಣ್ಣಾದ ಮೇಲೆ ರಾತ್ರಿ ಬರುವ ಇನ್ನೊಬ್ಬ ಇದ್ದಾನೆ, ಹಣ್ಣಿನ ರಸ ಹೀರುವ ದಪ್ಪ ಪತಂಗ. ಕಿತ್ತಳೆ, ಮೂಸಂಬಿಗೆ ಗಟ್ಟಿ ಸೊಂಡಿಲು ಚುಚ್ಚಿ ಹೋಗುತ್ತದೆ, ಎರಡು ದಿನದಲ್ಲಿ ಆ ಜಾಗ ಕೊಳೆಯುತ್ತದೆ. ಹಗಲು ತೋಟದ ತುಂಬಾ ಹುಡುಕಿದರೂ ಇದರ ಮರಿ ಸಿಗುವುದಿಲ್ಲ, ಯಾಕೆಂದರೆ ಮರಿ ಬೆಳೆಯುವುದು ಬೇಲಿಯ ಅಮೃತಬಳ್ಳಿಯಂಥ ಬಳ್ಳಿಗಳಲ್ಲಿ. ಮರಕ್ಕೆ ಎಷ್ಟು ಹೊಡೆದರೂ ಬೇಲಿ ನೋಡದಿದ್ದರೆ ಉಪಯೋಗವಿಲ್ಲ.

ಕೊಯ್ಲು ಮುಗಿದ ಮೇಲೆ ಯಾರೂ ತೋಟದ ಕಡೆ ತಲೆ ಹಾಕುವುದಿಲ್ಲ. ನಾನೂ ಹಾಗೇ ಇದ್ದೆ. ಈಗ ನನ್ನ ಅರ್ಧ ಕೆಲಸ ಆಗಲೇ. ಒಣ ಕೊಂಬೆ ತೆಗೆಯುವುದು, ಮರದ ಕೆಳಗಿನ ಮಣ್ಣು ಕೆದಕಿ ಕೋಶಗಳನ್ನು ಬಿಸಿಲಿಗೂ ಇರುವೆಗೂ ಹಕ್ಕಿಗೂ ಒಡ್ಡುವುದು, ಕಾಂಡದಲ್ಲಿ ಮರದ ಹುಡಿ ಉದುರುತ್ತಿದೆಯಾ ಅಂತ ನೋಡುವುದು. ಹುಡಿ ಕಂಡರೆ ಒಳಗೆ ಕಾಂಡ ಕೊರೆಯುವ ಹುಳು ಇದೆ ಅಂತ. ಕೊಕ್ಕೆ ಮಾಡಿದ ತಂತಿ ತೂರಿಸಿ ಎಳೆದರೆ ಬೆರಳುದ್ದದ ಬೆಳ್ಳನೆಯ ಹುಳು ಬರುತ್ತದೆ, ಆಮೇಲೆ ತೂತಿಗೆ ಹಸಿ ಮಣ್ಣು ಮೆತ್ತುವುದು. ಮಾವಿನ ಹಿಟ್ಟು ತಿಗಣೆಯ ಕಾಟ ಇರುವ ಕಡೆ ಇನ್ನೊಂದು ಕೆಲಸ. ಅದರ ಹೆಣ್ಣು ಮರದಿಂದ ಇಳಿದು ಬುಡದ ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ, ತಿಂಗಳುಗಟ್ಟಲೆ ಕಳೆದ ಮೇಲೆ ಚಳಿಗಾಲದಲ್ಲಿ ಮರಿಗಳು ಹೊರಬಂದು ನಡೆದುಕೊಂಡೇ ಮರ ಹತ್ತುತ್ತವೆ. ಹತ್ತುವ ಮೊದಲು ಕಾಂಡಕ್ಕೆ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಕಟ್ಟಿ, ಕೆಳಅಂಚಿಗೆ ಗ್ರೀಸ್ ಬಳಿದರೆ ಅಲ್ಲೇ ಜಾರಿ ಬೀಳುತ್ತವೆ. ಒಂದು ಹಾಳೆ, ಒಂದು ಹಗ್ಗ. ಹತ್ತಿದ ಮೇಲೆ ಮೈಗೆ ಮೇಣದ ಹಿಟ್ಟು ಬಳಿದುಕೊಂಡು ಕೂತವೆಂದರೆ ಯಾವ ಔಷಧಿಯೂ ಸರಿಯಾಗಿ ತಾಗುವುದಿಲ್ಲ.

ಪಪ್ಪಾಯಿಯ ಹಿಟ್ಟು ತಿಗಣೆಯದ್ದು ಬೇರೆಯೇ ಕಥೆ. ಮಧ್ಯ ಅಮೆರಿಕ ಕಡೆಯ ಅದು ಭಾರತದಲ್ಲಿ ಕಂಡದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಜನ ಹೊಡೆಯದ ಔಷಧಿ ಇರಲಿಲ್ಲ. 2010ರಲ್ಲಿ ಪೋರ್ಟೊ ರಿಕೋದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜಗಳನ್ನು ತರಿಸಿ, ಬೆಂಗಳೂರಿನ ವಿಜ್ಞಾನಿಗಳು ಬೆಳೆಸಿ ಹಂಚಿದರು. ಅವು ತಿಗಣೆಯ ಮೈಯೊಳಗೆ ಮೊಟ್ಟೆ ಇಟ್ಟು ಅದನ್ನು ಒಳಗಿಂದಲೇ ಮುಗಿಸುತ್ತವೆ. ಬಿಟ್ಟ ಕಡೆ ಕೆಲವೇ ತಿಂಗಳಲ್ಲಿ ಕಾಟ ಇಳಿಯಿತು. ಆದರೆ ಕಣಜ ಬಿಟ್ಟ ಮೇಲೆ ಔಷಧಿ ಹೊಡೆದರೆ ಮೊದಲು ಸಾಯುವುದು ಕಣಜವೇ.

ನಾನು ಔಷಧಿಯ ವಿರೋಧಿ ಅಲ್ಲ. ಕಳೆದ ವರ್ಷ ಮಾವಿಗೆ 2 ಸಲ ಹೊಡೆದೆ. ಒಂದು ಹೂಗೊಂಚಲು ಹೊರಡುವಾಗ, ಇನ್ನೊಂದು ಬೇವಿನ ಬೀಜದ ಕಷಾಯ. ಒಂದು ಲೀಟರ್ ನೀರಿಗೆ 50 ಗ್ರಾಂ ಬೀಜದ ತಿರುಳಿನ ಪುಡಿ, ರಾತ್ರಿ ನೆನೆಸಿ, ಸೋಸಿ, ಚೂರು ಸೋಪು. ಬಿಸಿಲಿಗೆ ಅದರ ಶಕ್ತಿ ಬೇಗ ಹೋಗುತ್ತದೆ, ಸಂಜೆ ಹೊಡೆಯಬೇಕು. ರಾಸಾಯನಿಕ ಹೊಡೆದರೆ ಮುಂದಿನ ಸಲ ಬೇರೆ ಗುಂಪಿನದ್ದು ಹೊಡೆಯಬೇಕು, ಇಲ್ಲದಿದ್ದರೆ ಬದುಕುಳಿದ ಹುಳುಗಳ ಮಕ್ಕಳಿಗೆ ಅದು ನೀರು ಕುಡಿದ ಹಾಗೆ. ಡಬ್ಬಿಯ ಮೇಲೆ ಬರೆದ ಕಾಯುವ ದಿನಗಳನ್ನು ಬಿಟ್ಟೇ ಕೊಯ್ಯಬೇಕು, ಅದನ್ನು ನಾವೇ ತಿನ್ನುತ್ತೇವಲ್ಲ.

ಹುಳು ಪೂರ್ತಿ ಹೋಗಿಲ್ಲ. ಕಳೆದ ಸಲವೂ ಬುಟ್ಟಿಗೆ ಮೂರೋ ನಾಲ್ಕೋ ಹಣ್ಣು ಕೆಟ್ಟಿದ್ದವು. ಕೆಂಪು ಗುರುತಿನ ಆ ಕ್ಯಾಲೆಂಡರ್ ಇದ್ದ ಮೊಳೆಗೆ ಈಗ ಒಂದು ನೋಟ್‌ಬುಕ್ ನೇತಾಡುತ್ತಿದೆ. ಪ್ರತಿ ಭಾನುವಾರ ಬಲೆ ಬಿಚ್ಚಿ, ನೊಣ ಸುರಿದು, ಎಣಿಸಿ ಬರೆಯುತ್ತೇನೆ. ಕಳೆದ ವಾರ 4 ಇತ್ತು, ಈ ವಾರ 31. ಕಾಯಿ ಇನ್ನೂ ಹಸಿರಾಗಿಯೇ ಇದೆ, ಆಮಿಷ ಕಲಸಲು ಬಕೆಟ್ ಹುಡುಕಬೇಕು.